ಮಹಾವೀರಾಚಾರ್ಯರ ಗಣಿತವೂ ಬಸದಿಯ ನೆಲಹಾಸೂ

ಬಾದಾಮಿಯ ನಾಲ್ಕನೆಯ ಗುಹೆ, ಕ್ರಿ.ಶ. 634ರಲ್ಲಿ ರವಿಕೀರ್ತಿಯು ಐಹೊಳೆಯಲ್ಲಿ ಕಟ್ಟಿಸಿದ ಮೇಗುತಿ ಜಿನಾಲಯ, ರಾಷ್ಟ್ರಕೂಟರ ಕಾಲದ ಪಟ್ಟದಕಲ್ಲಿನ ಬಸದಿ ಇವೆಲ್ಲವೂ ತುಳಸಿಗೇರಿಯ ಸುತ್ತಣ ಸೀಮೆಗೆ ಜೈನಧರ್ಮವಿತ್ತ ಕಲ್ಲಿನ ಕಾಣಿಕೆಗಳು. ಇವನ್ನು ಕಂಡು ಕೈಮುಗಿಯುವ ನಾವು, ಅದೇ ರಾಷ್ಟ್ರಕೂಟರ ಕಾಲದ ಜೈನಾಚಾರ್ಯರೊಬ್ಬರು ಇತ್ತ ಅಂಕೆಯ ಕಾಣಿಕೆಯನ್ನು ಬಹುಮಟ್ಟಿಗೆ ಮರೆತಿದ್ದೇವೆ.

ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಲೌಕಿಕವಾಗಲಿ ಧಾರ್ಮಿಕವಾಗಲಿ, ಗಣಿತವಿಲ್ಲದೆ ನಡೆಯುವ ವ್ಯವಹಾರವಿಲ್ಲವೆಂಬುದು ಅವರ ನಿಲುವು. ಅವರು ಎಣಿಸಿದ ವಿದ್ಯೆಗಳಲ್ಲಿ ವಾಸ್ತುವಿದ್ಯೆಯೂ ಒಂದು.

ಈ ಮಾತಿನ ಸತ್ಯವನ್ನು ಬಸದಿಯ ನೆಲಹಾಸಿನಲ್ಲಿಯೇ ಕಾಣಬಹುದು. 21 ಅಡಿ ಉದ್ದ, 15 ಅಡಿ ಅಗಲದ ಮಂಟಪವೊಂದಿದೆ ಎನ್ನೋಣ. ಒಂದೇ ಅಳತೆಯ ಚೌಕಗಲ್ಲುಗಳನ್ನು, ಒಂದನ್ನೂ ಕತ್ತರಿಸದೆ ಹಾಸಬೇಕು. ಕಲ್ಲು ಆದಷ್ಟು ದೊಡ್ಡದಿರಬೇಕು. 21 ಮತ್ತು 15 ಎರಡಕ್ಕೂ ಸರಿಹೊಂದುವ ಕಲ್ಲು ಅವುಗಳ ಅಂತರವಾದ 6ಕ್ಕೂ ಹೊಂದಲೇಬೇಕು. ಆದುದರಿಂದ 15ನ್ನು 6ರಿಂದ ಭಾಗಿಸೋಣ, ಶೇಷ 3. 6ನ್ನು 3ರಿಂದ ಭಾಗಿಸಿದರೆ ಶೇಷವಿಲ್ಲ. ಆ 3 ಅಡಿಯೇ ಕಲ್ಲಿನ ಅಳತೆ, ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಉದ್ದಕ್ಕೆ 7, ಅಗಲಕ್ಕೆ 5, ಒಟ್ಟು 35 ಕಲ್ಲುಗಳು ಸಾಕು.

ಹೀಗೆ ಪರಸ್ಪರ ಭಾಗಿಸುವ ಕ್ರಮವನ್ನು ಗ್ರೀಕರ ಯೂಕ್ಲಿಡನು ಸುಮಾರು ಕ್ರಿ.ಪೂ. 300ರಲ್ಲಿ ನಿರೂಪಿಸಿದ್ದನು. ನಮ್ಮಲ್ಲಿ ಆರ್ಯಭಟನು ಕ್ರಿ.ಶ. 499ರಲ್ಲಿ ಕುಟ್ಟಕ ಗಣಿತಕ್ಕೆ ಇದನ್ನು ಬಳಸಿದನು. ಮಹಾವೀರಾಚಾರ್ಯರು ಮಿಶ್ರಕವ್ಯವಹಾರದಲ್ಲಿ ಇದನ್ನೇ ‘ವಲ್ಲಿಕಾ ಕುಟ್ಟೀಕಾರ’ವೆಂದು ವಿಸ್ತರಿಸಿದರು. ಭಾಗಲಬ್ಧಗಳನ್ನು ಬಳ್ಳಿಯಂತೆ ಒಂದರ ಕೆಳಗೊಂದು ಬರೆಯುವುದರಿಂದ ಆ ಹೆಸರು.

ಅವರ ವಿಶಿಷ್ಟ ಕೊಡುಗೆ ‘ನಿರುದ್ಧ’. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳನ್ನು ಸುಮ್ಮನೆ ಗುಣಿಸದೆ, ಅವುಗಳ ಸಾಮಾನ್ಯ ಅಪವರ್ತನವನ್ನೂ ಉಳಿದ ಲಬ್ಧಗಳನ್ನೂ ಗುಣಿಸಬೇಕೆಂದರು. ಇಂದು ಶಾಲೆಯಲ್ಲಿ ಕಲಿಸುವ ಲ.ಸಾ.ಅ. ಇದೇ. ಇದೂ ನೆಲಹಾಸಿಗೆ ಒದಗುತ್ತದೆ. 24 ಅಂಗುಲ ಉದ್ದ, 18 ಅಂಗುಲ ಅಗಲದ ಚಪ್ಪಡಿಗಳಿಂದ ಚೌಕ ಜಗಲಿಯನ್ನು ಹಾಸಬೇಕಾದರೆ, ಅಪವರ್ತನ 6, ಲಬ್ಧಗಳು 4 ಮತ್ತು 3. ಗುಣಲಬ್ಧ 72 ಅಂಗುಲ. 12 ಚಪ್ಪಡಿಗಳಿಂದ 6 ಅಡಿಯ ಚೌಕ ಪೂರ್ಣವಾಗುತ್ತದೆ.

ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಬಸದಿಯ ಕಲ್ಲುಗಳನ್ನು ಜತನದಿಂದ ಕಾಯುವ ಸಮಾಜವು ಈ ಗ್ರಂಥವನ್ನೂ ತನ್ನ ಮಕ್ಕಳ ಕೈಗಿಡಬೇಕು. ಓದುವವರಿಲ್ಲದಿದ್ದರೆ ಶ್ರುತವೂ ಪಾಳುಬಿದ್ದ ಬಸದಿಯಂತೆಯೇ ಆದೀತು.