ಎಷ್ಟು ಮಳೆ ಬಿತ್ತು? ಯಾರು ಅಳೆದರು?

2020ರ ಅಕ್ಟೋಬರ್ 13ರ ರಾತ್ರಿಯನ್ನು ಹೈದರಾಬಾದಿನಲ್ಲಿರುವ ನಾವ್ಯಾರೂ ಮರೆತಿರಲಿಕ್ಕಿಲ್ಲ. ಕೊರೊನಾ ಕಾಲ, ಎಲ್ಲರೂ ಮನೆಯಲ್ಲೇ ಇದ್ದೆವು. ಮಳೆ ರಾತ್ರಿಯಿಡೀ ಸುರಿಯಿತು. ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ನೀರು ನುಗ್ಗಿ ಕಾರುಗಳ ಸೀಟಿನವರೆಗೆ ಬಂತು. ಕರೆಂಟು ಹೋಯಿತು. ಬೆಳಗ್ಗೆ ಹಾಲಿನವರೂ ಬರಲಿಲ್ಲ. ನಮ್ಮ ಕಷ್ಟ ಅಷ್ಟಕ್ಕೇ ಮುಗಿಯಿತು. ಹಳೆಯ ಊರಿನ ಕಡೆ ಮನೆ ಕಳೆದುಕೊಂಡವರಿದ್ದರು, ಮನೆಯವರನ್ನೇ ಕಳೆದುಕೊಂಡವರೂ ಇದ್ದರು.

ಮರುದಿನ ಫೋನ್ ಚಾರ್ಜ್ ಆದ ಮೇಲೆ ನೋಡಿದರೆ ಬಂಧುಬಳಗದಲ್ಲಿ ದೊಡ್ಡ ವಾಗ್ವಾದ ನಡೆದಿತ್ತು. ಬೇಗಂಪೇಟೆಯಲ್ಲಿ 24 ಗಂಟೆಗಳಲ್ಲಿ ಸುಮಾರು 19 ಸೆಂ.ಮೀ. ಮಳೆ ಎಂದು ಹವಾಮಾನ ಇಲಾಖೆ ಹೇಳಿತ್ತು. ಘಟ್‌ಕೇಸರ್ ಬಳಿ 32 ಸೆಂ.ಮೀ. ಎಂದು ಇನ್ನೊಂದು ಸುದ್ದಿ. "ಒಂದೇ ಊರಿಗೆ ಎರಡು ಲೆಕ್ಕವೇ? ಯಾವುದು ಸುಳ್ಳು?" ಎಂದು ಒಬ್ಬರು ಕೇಳಿದ್ದರು. "ಇಂಥ ಮಳೆ ಹಿಂದೆಂದೂ ಬಂದಿಲ್ಲ, ಇದು ಹವಾಮಾನ ಬದಲಾವಣೆಯೇ" ಎಂದಿದ್ದಳು ನನ್ನ ತಂಗಿ. ನಮ್ಮ ಭಾವನವರು ಸುಮ್ಮನಿರುವವರಲ್ಲ. "1908ರಲ್ಲೇ ಬಂದಿತ್ತಲ್ಲಮ್ಮಾ, ಆಗೇನು ಇಷ್ಟು ಕಾರುಗಳಿದ್ದವಾ? ವಿಜ್ಞಾನಿಗಳು ತಮಗೆ ಬೇಕಾದ ಹಾಗೆ ಅಂಕಿ ತಿದ್ದಿ ನಮ್ಮನ್ನು ಹೆದರಿಸುತ್ತಾರೆ" ಎಂದು ಬರೆದಿದ್ದರು.

ದಿನವಿಡೀ ಡೇಟಾದ ಜೊತೆಯೇ ಕೆಲಸ ಮಾಡುವ ನನ್ನ ಮಾತನ್ನು ಎಲ್ಲರೂ ಕಾಯುತ್ತಿದ್ದರು. ನಾನು ಸುಮ್ಮನಿದ್ದೆ. ಅದಕ್ಕೊಂದು ಹಳೆಯ ಕಾರಣವಿದೆ, ಮುಂದೆ ಹೇಳುತ್ತೇನೆ. ಆದರೆ ಭಾವನವರು ಎತ್ತಿದ 1908 ನನ್ನ ತಲೆಯಿಂದ ಹೋಗಲಿಲ್ಲ. ಆ ಮಳೆಯನ್ನು ಅಳೆದವರು ಯಾರು? ಆ ಲೆಕ್ಕವನ್ನು ನಂಬಿದವರು ಯಾರು?

ಮೂಸಿ ನದಿಯ ಲೆಕ್ಕ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಊರಿನೊಳಗೆ ನುಗ್ಗಿತು. ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಳ್ವಿಕೆ. ಸುಮಾರು 15,000 ಜನ ಸತ್ತರೆಂಬುದು ಅಂದಿನ ಅಂದಾಜು. ಅಫ್ಜಲ್‌ಗಂಜಿನಲ್ಲಿ, ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರವನ್ನು ಏರಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಆ ಕಡೆ ಹೋದಾಗ ಮಕ್ಕಳಿಗೆ ಒಮ್ಮೆ ತೋರಿಸಿ.

ಮುಂದೆ ಹೀಗಾಗದಂತೆ ಏನು ಮಾಡಬೇಕೆಂದು ಹೇಳಲು ನಿಜಾಮ್ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಮುಂಬಯಿ ಪ್ರಾಂತ್ಯದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರು 1909ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದರು. ಗಂಡಿಪೇಟೆ ಕಟ್ಟಲು ಕಾರಣರಾದವರು ಎಂದು ಅವರನ್ನು ನಾವೆಲ್ಲ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಕಟ್ಟುವ ಮೊದಲು ಅವರು ಲೆಕ್ಕ ಹಾಕಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ.

ಊರಿನ ಜನರ ಬಾಯಲ್ಲಿ ಆಗ ನೂರು ಕಥೆಗಳಿದ್ದಿರಬೇಕು. ದೇವರ ಕೋಪ ಎಂದವರೂ ಇದ್ದಿರಬಹುದು. ವಿಶ್ವೇಶ್ವರಯ್ಯನವರು ಮಳೆಮಾಪಕದ ಅಂಕಿಗಳನ್ನು ಹುಡುಕಿದರು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ದಾಖಲಾಗಿತ್ತು. ಊರಿನ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು. ನದಿಯಲ್ಲಿ ಹರಿದ ನೀರು ಅತಿ ಹೆಚ್ಚೆಂದರೆ 4,25,000 ಕ್ಯೂಸೆಕ್ ಎಂದು ಲೆಕ್ಕಕ್ಕೆ ಬಂತು. ಇಲ್ಲಿಯ ದಾಖಲೆಗಳಷ್ಟೇ ಸಾಲದೆಂದು ಅಕ್ಕಪಕ್ಕದ ಮುಂಬಯಿ, ಮದ್ರಾಸು ಪ್ರಾಂತ್ಯಗಳ ಮಳೆಯ ಅಂಕಿಗಳನ್ನೂ ತರಿಸಿ ತಾಳೆ ನೋಡಿದರು. ಊರಿಗೆ ಬರುವ ಮೊದಲೇ ಪ್ರವಾಹವನ್ನು ತಡೆದು ನಿಲ್ಲಿಸುವ ಜಲಾಶಯಗಳು ಬೇಕೆಂದು ಆ ಲೆಕ್ಕದ ಮೇಲೆ ಸಲಹೆ ಕೊಟ್ಟರು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ, ಅಂದರೆ ನಮ್ಮ ಗಂಡಿಪೇಟೆ, 1920ರಲ್ಲಿ ಮುಗಿಯಿತು. ಈಸಿ ನದಿಯ ಹಿಮಾಯತ್ ಸಾಗರ 1927ರಲ್ಲಿ ಮುಗಿಯಿತು.

ಇದನ್ನೆಲ್ಲ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಶಂಷಾಬಾದಿನ 12.8 ಅಂಗುಲ. ಸೆಂಟಿಮೀಟರಿಗೆ ಬದಲಾಯಿಸಿದರೆ ಸುಮಾರು 32.5. ಘಟ್‌ಕೇಸರಿನ 32ಕ್ಕೆ ಎಷ್ಟು ಹತ್ತಿರ! "ಹಿಂದೆಂದೂ ಬಂದಿಲ್ಲ" ಎಂದ ನನ್ನ ತಂಗಿಯ ಮಾತು ತಪ್ಪು. ಹಾಗಾದರೆ ಭಾವನವರ ಮಾತು ಸರಿಯೇ? ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳಬೇಕು.

ಹಿಮಾಲಯದ ಒಂದು ಇಸವಿ

2009ರ ಡಿಸೆಂಬರ್. ಆಗ ನಾನು ಬಿ.ಇ. ವಿದ್ಯಾರ್ಥಿನಿ. ಸೆಮಿನಾರಿನಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಮಾತಾಡಿದೆ. "2035ರ ಹೊತ್ತಿಗೆ ಹಿಮಾಲಯದ ಹಿಮನದಿಗಳು ಮಾಯ" ಎಂದು ಕೆಂಪು ಅಕ್ಷರದ ಸ್ಲೈಡ್ ಹಾಕಿದ್ದೆ. "ಇದರ ಮೂಲ ಯಾವುದಮ್ಮಾ?" ಎಂದು ಮೇಷ್ಟ್ರು ಕೇಳಿದರು. "ಐಪಿಸಿಸಿ ವರದಿ ಸರ್, ನೊಬೆಲ್ ಬಂದಿದೆ" ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು.

ವಿಶ್ವಸಂಸ್ಥೆಯ ಆಶ್ರಯದ ಆ ಹವಾಮಾನ ಸಮಿತಿಗೆ 2007ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತ್ತು. ಅದರ ಅಧ್ಯಕ್ಷರು ರಾಜೇಂದ್ರ ಪಚೌರಿ. 1970ರ ದಶಕದಲ್ಲಿ ನಮ್ಮ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜಿನಲ್ಲಿ ಕೆಲಸ ಮಾಡಿದವರು. 2009ರ ನವೆಂಬರಿನಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ನಿವೃತ್ತ ಅಧಿಕಾರಿ ವಿ.ಕೆ. ರೈನಾ ಅವರು ಬರೆದ ಚರ್ಚಾಪತ್ರವೊಂದನ್ನು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಡುಗಡೆ ಮಾಡಿದರು. ನಮ್ಮ ಹಿಮನದಿಗಳು ಅಸಹಜ ವೇಗದಲ್ಲಿ ಕರಗುತ್ತಿಲ್ಲ ಎಂಬುದು ಅದರ ವಾದ. ಪಚೌರಿಯವರು ಅದನ್ನು ಮಾಟಮಂತ್ರದ ವಿಜ್ಞಾನ ಎಂಬರ್ಥದಲ್ಲಿ ತಳ್ಳಿಹಾಕಿದರು.

ಎರಡು ತಿಂಗಳಲ್ಲೇ ಕಥೆ ತಿರುಗಿತು. 2035 ಎಂಬ ಇಸವಿ ಬಂದದ್ದು ಹಿಮನದಿಯನ್ನು ಅಳೆದ ಯಾವುದೇ ಅಧ್ಯಯನದಿಂದಲ್ಲ. 1999ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂದ ಸುದ್ದಿ, ಅಲ್ಲಿಂದ 2005ರಲ್ಲಿ ಒಂದು ಪರಿಸರ ಸಂಸ್ಥೆಯ ವರದಿ, ಅಲ್ಲಿಂದ ಐಪಿಸಿಸಿಯ ಏಷ್ಯಾ ಅಧ್ಯಾಯ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಂಡರು, ಮೂಲವನ್ನು ಯಾರೂ ತೆರೆದು ನೋಡಲಿಲ್ಲ. 2010ರ ಜನವರಿ 20ರಂದು ಐಪಿಸಿಸಿ ತಪ್ಪನ್ನು ಒಪ್ಪಿಕೊಂಡಿತು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳ ಮಿಂಚಂಚೆಗಳು ಕಳುವಾಗಿ ಹೊರಬಿದ್ದಿದ್ದವು. ಎಲ್ಲೆಡೆ ಒಂದೇ ಮಾತು: "ಇವರನ್ನು ನಂಬಬೇಡಿ."

ಕಾಲೇಜಿನಲ್ಲಿ ಗೆಳತಿಯರು ನನ್ನನ್ನು ಸ್ವಲ್ಪ ದಿನ "ಎರಡು ಸಾವಿರದ ಮೂವತ್ತೈದು" ಎಂದೇ ಕರೆದರು. ನಾನೂ ನಕ್ಕೆ, ಆದರೆ ಒಳಗೆ ಉರಿಯುತ್ತಿತ್ತು. ಅಲ್ಲಿಂದ ಎಂ.ಟೆಕ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ, ಯಾರಾದರೂ ಹವಾಮಾನದ ಮಾತೆತ್ತಿದರೆ "ಅದೆಲ್ಲಾ ಕಟ್ಟುಕಥೆ" ಎನ್ನುತ್ತಿದ್ದೆ. ಮೊದಲು ಓದದೆ ನಂಬಿದ್ದೆ, ಆಮೇಲೆ ಓದದೆ ನಂಬುವುದನ್ನು ಬಿಟ್ಟೆ. ಎರಡರಲ್ಲೂ ಸೋಮಾರಿತನ ಒಂದೇ ಎಂದು ತಿಳಿಯಲು ವರ್ಷಗಳೇ ಬೇಕಾದವು.

ಆಮೇಲೆ ಓದಿದ್ದು ಬೇರೆಯೇ ಕಥೆ. ಆ ಇಸವಿ ತಪ್ಪೆಂದು ಬಯಲಿಗೆಳೆದವರಲ್ಲಿ ಹಿಮನದಿ ವಿಜ್ಞಾನಿಗಳಾದ ಗ್ರಹಾಂ ಕಾಗ್ಲಿ, ಗೆಯಾರ್ಗ್ ಕಾಸರ್ ಇದ್ದರು. ಅಂದರೆ ಅದೇ ಕ್ಷೇತ್ರದವರೇ ತಮ್ಮವರ ತಪ್ಪನ್ನು ಹಿಡಿದರು. ಮಿಂಚಂಚೆಗಳ ಬಗ್ಗೆ 2010ರಲ್ಲಿ ಬ್ರಿಟನ್ನಿನಲ್ಲಿ ನಡೆದ ಸ್ವತಂತ್ರ ತನಿಖೆ, ಆ ವಿಜ್ಞಾನಿಗಳ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ, ಆದರೆ ದತ್ತಾಂಶವನ್ನು ಮುಚ್ಚುಮರೆಯಿಲ್ಲದೆ ಕೊಡದಿದ್ದದ್ದು ತಪ್ಪು ಎಂದಿತು. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ತಾಪಮಾನದ ದಾಖಲೆಗಳನ್ನು ಸಂಶಯದಿಂದಲೇ ನೋಡುತ್ತಿದ್ದವರು. ತಾವೇ ಒಂದು ತಂಡ ಕಟ್ಟಿ ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿದರು. ಭೂಮಿ ಬಿಸಿಯಾಗುತ್ತಿರುವುದು ನಿಜವೆಂದು ಅವರ ಲೆಕ್ಕವೂ ತೋರಿಸಿತು. ಅದನ್ನವರು ಬಹಿರಂಗವಾಗಿ ಒಪ್ಪಿಕೊಂಡರು.

ಹಿಮಾಲಯದ ಮಾತೇನಾಯಿತು? 2019ರ ವಿಸ್ತಾರವಾದ ಅಧ್ಯಯನದ ಪ್ರಕಾರ, ಭೂಮಿಯ ಬಿಸಿಯೇರಿಕೆಯನ್ನು 1.5 ಡಿಗ್ರಿಗೆ ತಡೆದರೂ ಹಿಂದೂ ಕುಶ್ ಹಿಮಾಲಯದ ಮೂರರಲ್ಲೊಂದು ಪಾಲು ಹಿಮ ಈ ಶತಮಾನದ ಕೊನೆಗೆ ಹೋಗಲಿದೆ. ಇಸವಿ ತಪ್ಪಿತ್ತು, ಹಿಮ ಕರಗುತ್ತಿರುವುದು ತಪ್ಪಾಗಿರಲಿಲ್ಲ.

ಅಳತೆಗೋಲನ್ನೇ ಅಳೆದ ಹೆಣ್ಣುಮಗಳು

ಅಂಕಿಯ ಮೇಲೆ ನಂಬಿಕೆ ಬರಬೇಕಾದರೆ ಮೊದಲು ಅಳೆಯುವ ಉಪಕರಣ ಸರಿಯಿರಬೇಕು. ನಮ್ಮ ದೇಶದಲ್ಲಿ ಆ ಕೆಲಸಕ್ಕೆ ಜೀವನವನ್ನೇ ಕೊಟ್ಟವರು ಅಣ್ಣಾ ಮಾಣಿ. ಮಹಿಳಾ ವೇದಿಕೆಯ ಸಂಚಿಕೆಯಲ್ಲಿ ಅವರ ಹೆಸರು ಬರಲೇಬೇಕು.

1918ರಲ್ಲಿ ತಿರುವಾಂಕೂರಿನ ಪೀರ್‌ಮೇಡಿನಲ್ಲಿ ಹುಟ್ಟಿದವರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಲು ಬಂದ ವಜ್ರದ ಓಲೆ ಬೇಡವೆಂದು ವಿಶ್ವಕೋಶ ಕೇಳಿ ತೆಗೆದುಕೊಂಡರಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರಗಳ ಮೇಲೆಯೇ ಸಂಶೋಧನೆ ಮಾಡಿ ಐದು ಪ್ರಬಂಧ ಬರೆದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ. ಅವರು ಅದಕ್ಕೆ ಅಳುತ್ತ ಕೂರಲಿಲ್ಲ. ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು.

ಆಗ ಮಳೆಮಾಪಕ, ಉಷ್ಣಮಾಪಕದಂಥ ಉಪಕರಣಗಳಿಗೂ ನಾವು ಹೊರದೇಶದ ಮುಖ ನೋಡಬೇಕಿತ್ತು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಮಟ್ಟಕ್ಕೆ ತಂದು ಇಲ್ಲೇ ತಯಾರಾಗುವಂತೆ ಮಾಡಿದರು. 1957-58ರಲ್ಲಿ ಸೂರ್ಯನ ಶಾಖವನ್ನು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಓಝೋನ್ ಅಳೆಯುವ ಸಾಧನವನ್ನು ದೇಶದಲ್ಲೇ ಸಿದ್ಧಪಡಿಸಿದರು. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಲೇಸು ಎಂಬುದು ಅವರು ಬಾಳಿಡೀ ಪಾಲಿಸಿದ ನಿಯಮ.

ಹಾಗಾದರೆ ಯಾರು ಸರಿ?

ಈಗ ಮೊದಲ ಪ್ರಶ್ನೆಗಳಿಗೆ ಬರೋಣ. ಬೇಗಂಪೇಟೆಯ 19, ಘಟ್‌ಕೇಸರಿನ 32, ಎರಡೂ ನಿಜ. ಮಳೆ ಇಡೀ ಊರಿಗೆ ಒಂದೇ ಸಮ ಬೀಳುವುದಿಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ದಿನದ ಮಳೆಯನ್ನು ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ ಲೆಕ್ಕ ಹಾಕುತ್ತಾರೆ. 13ರ ರಾತ್ರಿ ಸುರಿದ ಮಳೆ 14ರ ತಾರೀಖಿನಲ್ಲಿ ಕಾಣಿಸುತ್ತದೆ. ಇದು ಗೊತ್ತಿಲ್ಲದವರಿಗೆ "ತಾರೀಖು ತಿದ್ದಿದ್ದಾರೆ" ಎನಿಸುವುದು ಸಹಜ. ನನ್ನ ಆಫೀಸಿನಲ್ಲೂ ಎರಡು ದೇಶಗಳ ಸರ್ವರುಗಳ ಗಡಿಯಾರ ಹೊಂದದೆ ಲೆಕ್ಕ ತಪ್ಪಿದಾಗ ನಾವು ಮಾಡುವುದೂ ಇದನ್ನೇ: ತಿದ್ದುತ್ತೇವೆ, ಏನು ತಿದ್ದಿದೆವು, ಏಕೆ ತಿದ್ದಿದೆವು ಎಂದು ಬರೆದಿಡುತ್ತೇವೆ. ತಿದ್ದುವುದು ಮೋಸವಲ್ಲ. ತಿದ್ದಿದ್ದನ್ನು ಬಚ್ಚಿಡುವುದು ಮೋಸ.

ಇನ್ನು 1908. ಒಂದು ದಿನದ ಮಳೆಯಿಂದ ಹವಾಮಾನ ಬದಲಾಗಿದೆ ಎಂದೂ ಹೇಳಲಾಗದು, ಬದಲಾಗಿಲ್ಲ ಎಂದೂ ಹೇಳಲಾಗದು. ಅದಕ್ಕೆ ನೂರಾರು ಊರುಗಳ, ಹತ್ತಾರು ವರ್ಷಗಳ ದಾಖಲೆ ಬೇಕು. 2006ರಲ್ಲಿ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು 1951ರಿಂದ 2000ದವರೆಗಿನ ಹವಾಮಾನ ಇಲಾಖೆಯ ದಿನದಿನದ ಮಳೆಯ ಅಂಕಿಗಳನ್ನು ಕೂಡಿಸಿ ನೋಡಿದರು. ಮಧ್ಯ ಭಾರತದಲ್ಲಿ ಮುಂಗಾರಿನ ಒಟ್ಟು ಮಳೆ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಸಾಧಾರಣ ಮಳೆಯ ದಿನಗಳು ಕಡಿಮೆಯಾಗಿ, ಅತಿ ಭಾರೀ ಮಳೆಯ ಘಟನೆಗಳು ಹೆಚ್ಚಾಗಿವೆ. 1908ರಂಥ ದಿನ ಆಗಲೂ ಬರುತ್ತಿತ್ತು ಎಂಬ ಭಾವನವರ ಮಾತು ನಿಜ. ಭಾರೀ ಮಳೆ ಈಗ ಹೆಚ್ಚು ಸಲ ಬರುತ್ತಿದೆ ಎಂಬುದೂ ಅಷ್ಟೇ ನಿಜ. ಆ ಎರಡನೆಯದನ್ನು ನಮಗೆ ಹೇಳುತ್ತಿರುವುದು ಯಾವ ವಿದೇಶಿ ಕಂಪ್ಯೂಟರೂ ಅಲ್ಲ. ದೇಶದ ಮೂಲೆಮೂಲೆಯಲ್ಲಿ ಬೆಳಗ್ಗೆ ಎದ್ದು ಮಳೆಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆದಿಟ್ಟ, ಹೆಸರೇ ತಿಳಿಯದ ಸಾವಿರಾರು ನೌಕರರು.

ಇದು ಬರೀ ವಾದದ ಮಾತಲ್ಲ. ಅಂಕಿಯನ್ನು ನಂಬಿದ್ದರಿಂದ ಗಂಡಿಪೇಟೆ ಕಟ್ಟಿದರು. ಅಂಕಿಯನ್ನು ಮರೆತದ್ದರಿಂದ ನಾವು ಕೆರೆಯ ಅಂಗಳದಲ್ಲಿ, ನಾಲೆಯ ದಾರಿಯಲ್ಲಿ ಮನೆ ಕಟ್ಟಿಕೊಂಡೆವು. ಫ್ಲಾಟ್ ಕೊಳ್ಳುವಾಗ ವಾಸ್ತು ಕೇಳುತ್ತೇವೆ, ಮಾಡ್ಯುಲರ್ ಕಿಚನ್ ಕೇಳುತ್ತೇವೆ. ಇಲ್ಲಿ ಹಿಂದೆ ಕೆರೆ ಇತ್ತೇ ಎಂದು ಕೇಳುವವರು ಎಷ್ಟು ಜನ? ನಾನೂ ಕೇಳಿರಲಿಲ್ಲ.

ಇದನ್ನೆಲ್ಲ ಭಾವನವರಿಗೆ ಒಂದು ದಿನ ಫೋನ್ ಮಾಡಿ ಹೇಳಿದೆ, ನನ್ನ 2035ರ ಕಥೆಯನ್ನೂ ಸೇರಿಸಿ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಈಗ ಏನಾದರೂ ಸುದ್ದಿ ಬಂದರೆ ಮುಂದಕ್ಕೆ ಕಳಿಸುವ ಮೊದಲು "ಇದನ್ನು ಅಳೆದವರು ಯಾರಮ್ಮಾ?" ಎಂದು ನನ್ನನ್ನು ಕೇಳುತ್ತಾರೆ. ನನಗೆ ಅಷ್ಟು ಸಾಕು.

ಕಳೆದ ಮಳೆಗಾಲದಲ್ಲಿ ನನ್ನ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ನೀರಿನ ಬಾಟಲಿ ಕತ್ತರಿಸಿ, ಸ್ಕೇಲು ಅಂಟಿಸಿ, ಟೆರೇಸಿನಲ್ಲಿ ಮಳೆಮಾಪಕ ಇಟ್ಟಳು. ದಿನಾ ಬೆಳಗ್ಗೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಒಂದು ದಿನ ಮುಖ ಸಣ್ಣಗೆ ಮಾಡಿಕೊಂಡು ಬಂದಳು. "ಅಮ್ಮಾ, ನಿನ್ನೆ ಅಳೆಯೋದು ಮರೆತೇಹೋಯ್ತು. ಮೊನ್ನೆ ಬಂದಷ್ಟೇ ಅಂತ ಬರೆದುಬಿಡಲಾ?"

"ಬೇಡ ಕಂದಾ, ಆ ಸಾಲು ಖಾಲಿ ಬಿಡು. ಪಕ್ಕದಲ್ಲಿ 'ಅಳೆದಿಲ್ಲ' ಅಂತ ಬರೆ" ಎಂದೆ.

ಟೀಚರ್ ಎರಡು ಅಂಕ ಕಳೆದರು. ಆ ಪುಟವನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ.