ತಡವಾಗಿ ಬರೆದ ಹುಟ್ಟಿನ ಲೆಕ್ಕ

ನೀವು ಹುಟ್ಟಿದ್ದೀರಿ ಎಂಬುದಕ್ಕೆ ಆಧಾರವೇನು ಎಂದು ಯಾರಾದರೂ ಕೇಳಿದರೆ ನಿಮಗೆ ನಗು ಬಂದೀತು. ಎದುರಿಗೆ ನಿಂತು ಮಾತನಾಡುತ್ತಿರುವುದೇ ಸಾಲದೆ ಎನ್ನುವಿರಿ. ಆದರೆ ಕಚೇರಿಯ ಮೇಜಿಗೆ ಅದು ಸಾಲದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1935ರ ಅನಂತರದ ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಮಂದಿ ನಡುವಯಸ್ಸಿನವರೂ ವೃದ್ಧರೂ ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಅಲೆಯಬೇಕಾಯಿತು. ಕೊನೆಗೆ ಅವರ ಕೈಗೆ ಬಂದ ಕಾಗದವೇ ವಿಳಂಬಿತ ಜನನ ಪತ್ರ. ಮನೆತನದ ಚರಿತ್ರೆಯನ್ನು ಹುಡುಕುವವರಿಗೆ ಇಂದು ಅದೊಂದು ನಿಧಿ. ಎಚ್ಚರ ತಪ್ಪಿದವರಿಗೆ ಒಂದು ಬಲೆಯೂ ಹೌದು.

ಅಷ್ಟು ಮುಂದುವರಿದ ದೇಶದಲ್ಲಿ ಹುಟ್ಟಿನ ಲೆಕ್ಕವೇ ಇರಲಿಲ್ಲವೆ ಎಂದು ನೀವು ಕೇಳಬಹುದು. ಅಲ್ಲಿ ಜನನವನ್ನು ನೋಂದಾಯಿಸುವ ಹೊಣೆ ಕೇಂದ್ರ ಸರಕಾರದ್ದಲ್ಲ, ಆಯಾ ರಾಜ್ಯದ್ದು. ಒಂದು ರಾಜ್ಯ ಮೊದಲೇ ಆರಂಭಿಸಿತು, ಇನ್ನೊಂದು ತೀರ ತಡವಾಗಿ. 1915ರಲ್ಲಿ ರಾಷ್ಟ್ರೀಯ ಜನನ ನೋಂದಣಿ ಕ್ಷೇತ್ರವೊಂದನ್ನು ರೂಪಿಸಿದಾಗ ಅದಕ್ಕೆ ಸೇರಿದ್ದು ಹತ್ತು ರಾಜ್ಯಗಳು ಮತ್ತು ರಾಜಧಾನಿಯ ಪ್ರದೇಶ ಮಾತ್ರ. ಎಲ್ಲ ರಾಜ್ಯಗಳೂ ಒಳಗೆ ಬರುವ ಹೊತ್ತಿಗೆ 1933 ಆಗಿತ್ತು, ಟೆಕ್ಸಸ್ ಕೊನೆಯದು. ಅದಕ್ಕೆ ಮೊದಲು ಹಳ್ಳಿಯ ಮನೆಗಳಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳ ಹೆಸರು ಯಾವ ಸರಕಾರಿ ಪುಸ್ತಕಕ್ಕೂ ಏರಲಿಲ್ಲ.

ಏರದಿದ್ದರೇನು, ಜೀವನ ನಡೆದೇ ಇತ್ತು. ತೊಡಕು ಬಂದದ್ದು 1935ರ ಸಾಮಾಜಿಕ ಭದ್ರತಾ ಕಾಯಿದೆಯಿಂದ. ಅರವತ್ತೈದು ವರ್ಷ ತುಂಬಿದವರಿಗೆ ವೃದ್ಧಾಪ್ಯದ ವೇತನವೆಂದಿತು ಕಾನೂನು. ತುಂಬಿತೆಂಬುದಕ್ಕೆ ರುಜುವಾತು ಕೇಳಿತು ಕಚೇರಿ. ಅದರ ಹಿಂದೆಯೇ ಎರಡನೆಯ ಮಹಾಯುದ್ಧ ಬಂತು. ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ಕೆಲಸ ಬೇಕೆಂದವರು ತಾವು ಆ ದೇಶದಲ್ಲೇ ಹುಟ್ಟಿದ ಪ್ರಜೆಗಳೆಂದು ತೋರಿಸಬೇಕಾಯಿತು. ಹೀಗೆ ಒಂದು ಕಡೆ ಮುಪ್ಪಿನ ಅನ್ನ, ಇನ್ನೊಂದು ಕಡೆ ದುಡಿಮೆಯ ಅನ್ನ, ಎರಡೂ ಒಂದು ಕಾಗದದ ಮೇಲೆ ನಿಂತವು.

ಆ ಕಾಗದವನ್ನು ಪಡೆಯುವ ಬಗೆಯೇ ಚರಿತ್ರೆಯ ವಿದ್ಯಾರ್ಥಿಗೆ ಬೇಕಾದ ಸಂಗತಿ. ಅರ್ಜಿದಾರನು ಹಳೆಯ ಆಧಾರಗಳನ್ನು ಒಂದೊಂದಾಗಿ ತಂದೊಪ್ಪಿಸಬೇಕಾಗಿತ್ತು. ಚರ್ಚಿನ ದೀಕ್ಷಾಸ್ನಾನದ ದಾಖಲೆ, ಶಾಲೆಯ ಪಟ್ಟಿ, ವಿಮಾಪತ್ರ, ಮನೆಯ ಬೈಬಲಿನ ಪುಟಗಳಲ್ಲಿ ಅಪ್ಪನೋ ಅಜ್ಜನೋ ಬರೆದಿಟ್ಟ ಹುಟ್ಟು ಸಾವುಗಳ ಟಿಪ್ಪಣಿ, ಹೆರಿಗೆ ಮಾಡಿಸಿದವರು ಅಥವಾ ಹಿರಿಯ ಬಂಧುಗಳು ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ, ಇವೆಲ್ಲ ಸಲ್ಲುತ್ತಿದ್ದವು. ಅಧಿಕಾರಿಗಳು ಮೂಲ ಕಾಗದಗಳನ್ನು ನೋಡಿ, ಅವುಗಳ ಸಾರವನ್ನು ಪತ್ರದಲ್ಲೇ ಬರೆದುಕೊಂಡು, ಮೂಲವನ್ನು ಹಿಂದಿರುಗಿಸುತ್ತಿದ್ದರು. ಆ ಬೈಬಲು ಆಮೇಲೆ ಮಳೆಗೆ ನೆಂದು ಹೋಗಿರಬಹುದು, ಬೆಂಕಿಗೆ ಸಿಕ್ಕಿರಬಹುದು. ಅದೊಂದು ಇತ್ತೆಂಬುದಕ್ಕೂ ಅದರಲ್ಲಿ ಏನಿತ್ತೆಂಬುದಕ್ಕೂ ಈ ಎರಡು ಸಾಲೇ ಉಳಿದ ಸಾಕ್ಷಿ. ಜೊತೆಗೆ ತಂದೆತಾಯಿಗಳ ಹೆಸರು, ಅವರು ಹುಟ್ಟಿದ ಊರು, ತಾಯಿಯ ತವರು ಮನೆಯ ಹೆಸರು ಕೂಡ ಸಿಗುವುದುಂಟು.

ಇದರ ಬೆಲೆ ಎಷ್ಟೆಂಬುದು ಕರಿಯ ಜನರ ಮನೆತನಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಅಮೆರಿಕದ 1850 ಮತ್ತು 1860ರ ಖಾನೇಷುಮಾರಿಗಳಲ್ಲಿ ಗುಲಾಮರಿಗೆಂದೇ ಬೇರೆ ಪಟ್ಟಿಗಳಿದ್ದವು. ಅವುಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡು, ಹೆಣ್ಣು ಎಂದು ಗುರುತು ಹಾಕಿದರೇ ಹೊರತು ಸಾಮಾನ್ಯವಾಗಿ ಹೆಸರು ಬರೆಯಲಿಲ್ಲ. ಹೆಸರು ಬಂದದ್ದು 1870ರಲ್ಲಿ. ಮುಂದೆ 1890ರ ಖಾನೇಷುಮಾರಿಯ ಕಾಗದಗಳು 1921ರ ಬೆಂಕಿಯಲ್ಲಿ ಬಹುಮಟ್ಟಿಗೆ ಹಾಳಾದವು. ಆ ಕತ್ತಲೆಯ ನಡುವೆ ಹುಟ್ಟಿದ ಮಗನೊಬ್ಬ ವೃದ್ಧಾಪ್ಯದಲ್ಲಿ ವೇತನಕ್ಕಾಗಿ ಅರ್ಜಿ ಹಾಕಿ, ಗುಲಾಮಗಿರಿಯಲ್ಲಿ ಹುಟ್ಟಿದ ತನ್ನ ತಾಯಿಯ ಹೆಸರನ್ನು ಬರೆಸಿದ್ದರೆ, ಮೊಮ್ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಸ್ತಿ ಯಾವುದು?

ಆದರೂ ಕಣ್ಣು ಮುಚ್ಚಿ ನಂಬಬೇಡಿ. 1942ರಲ್ಲಿ ಬರೆದ ಪತ್ರ 1882ರ ಹುಟ್ಟನ್ನು ಹೇಳಿದರೆ, ನಡುವೆ ಅರವತ್ತು ವರ್ಷಗಳ ಮರೆವು ಇದೆ. ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆಯಾಗಿದ್ದು, ಬಳಕೆಯ ಹೆಸರು ಪತ್ರಕ್ಕೆ ಬಂದಿರಬಹುದು. ವೇತನ ಬೇಗ ಬರಲೆಂದು ಎರಡು ವರ್ಷ ಕೂಡಿಸಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ತಾರೀಖಿಗಿಂತ ಮೊದಲು ಆಧಾರಗಳ ಪಟ್ಟಿಯನ್ನು ಓದಿ. ಹುಟ್ಟಿದ ವರ್ಷದಲ್ಲೇ ಬರೆದ ದೀಕ್ಷಾಸ್ನಾನದ ದಾಖಲೆಗೂ, ಅರ್ಜಿ ಹಾಕಿದ ವಾರದಲ್ಲಿ ತಮ್ಮನೊಬ್ಬ ಮಾಡಿದ ಪ್ರಮಾಣಕ್ಕೂ ತೂಕ ಒಂದೇ ಅಲ್ಲ. ಅಣ್ಣನ ಹುಟ್ಟನ್ನು ತಮ್ಮ ಕಂಡಿರುವುದು ಹೇಗೆ? 1900ರ ಖಾನೇಷುಮಾರಿಯಲ್ಲಿ ಹುಟ್ಟಿದ ತಿಂಗಳು, ವರ್ಷಗಳನ್ನು ಕೇಳಿ ಬರೆದಿದ್ದಾರೆ. ಅದರೊಡನೆ ಹೋಲಿಸಿ ನೋಡಿ. ಹುಟ್ಟಿದ ವರ್ಷದ ಪುಸ್ತಕದಲ್ಲಿ ಪತ್ರ ಸಿಗಲಿಲ್ಲವೆಂದು ಕೈಬಿಡಲೂ ಬೇಡಿ. ಬರೆಸಿದ ವರ್ಷದಲ್ಲಿ, ಬೇರೆ ಕಡತದಲ್ಲಿ, ಒಹಾಯೊ, ಟೆಕ್ಸಸ್‌ನಂಥ ರಾಜ್ಯಗಳಲ್ಲಾದರೆ ಕೌಂಟಿಯ ನ್ಯಾಯಾಲಯದ ದಾಖಲೆಗಳಲ್ಲಿ ಅದು ಅಡಗಿರಬಹುದು.

ಈ ಮಾತು ನಮಗೂ ದೂರದ್ದಲ್ಲ. ನಮ್ಮಲ್ಲಿ ಜನನ ಮರಣಗಳ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ್ದು 1969ರ ಕಾಯಿದೆ. ಅದರ ಹದಿಮೂರನೆಯ ವಿಧಿಯು ತಡವಾದವರಿಗೂ ಬಾಗಿಲು ತೆರೆದಿಟ್ಟಿದೆ. ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹಾಗೆ ಬರೆಸಿದ ಪತ್ರಗಳೂ ಮುಂದೊಂದು ದಿನ ಚರಿತ್ರೆಗೆ ಸಾಮಗ್ರಿಯೇ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಜಾತಕದಲ್ಲಿ ಒಂದು ಹುಟ್ಟುಹಬ್ಬ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನ್ನೊಂದು. ಜಾತಕದಲ್ಲಿ ಸಂವತ್ಸರ, ಮಾಸ, ತಿಥಿ ಇದ್ದರೂ ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ಮರಳಿ ಬರುತ್ತದೆ. ಪ್ರಭವ 1927ರಲ್ಲೂ ಬಂತು, 1987ರಲ್ಲೂ ಬಂತು. ಶಕವರ್ಷ ಬರೆದಿಲ್ಲದಿದ್ದರೆ ಮೊಮ್ಮಗನು ತಾತನನ್ನೂ ಮುತ್ತಾತನನ್ನೂ ಒಬ್ಬರೆಂದೇ ಎಣಿಸಿಯಾನು.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಅವರ ಹುಟ್ಟನ್ನು ಕೇಳಿ ಇಂದೇ ಬರೆದಿಡಿ. ಪ್ಲೇಗಿನ ವರ್ಷವೆಂದರೂ ಸರಿ, ಕೆರೆ ಕೋಡಿ ಬಿದ್ದ ವರ್ಷವೆಂದರೂ ಸರಿ, ಅವರು ಹೇಳಿದ ಮಾತಿನಲ್ಲೇ ಬರೆಯಿರಿ. ಅದರ ಕೆಳಗೆ ಹೇಳಿದವರು ಯಾರು, ಅವರಿಗೆ ಅದು ಹೇಗೆ ತಿಳಿಯಿತು, ಬರೆದ ದಿನ ಯಾವುದು ಎಂಬ ಮೂರು ಮಾತು ಸೇರಿಸಿ. ಲೆಕ್ಕ ತಡವಾಗಿ ಬರೆದದ್ದೆಂದು ದೋಷವಿಲ್ಲ; ಯಾರ ಮಾತಿನ ಮೇಲೆ ಬರೆದದ್ದೆಂದು ತಿಳಿಯದಿದ್ದರೆ ಅದನ್ನು ತೂಗಿ ನೋಡುವ ದಾರಿಯೇ ಮುಂದಿನವರಿಗೆ ಇರುವುದಿಲ್ಲ.