ಕಲಬುರಗಿಯ ಕಮಾನುಗಳು

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನಕ್ಕೆ ಹೋದವರು ದರ್ಶನ ಮುಗಿಸಿ ಕೆರೆಯ ಕಡೆ ನಡೆದುಬಿಡುತ್ತಾರೆ. ಒಂದು ಗಳಿಗೆ ಸಭಾಮಂಟಪದಲ್ಲಿ ನಿಂತು ತಲೆಯೆತ್ತಿದರೆ ಕಂಬದಿಂದ ಕಂಬಕ್ಕೆ ಬಾಗಿದ ಕಮಾನುಗಳು ಕಾಣುತ್ತವೆ. ಅವುಗಳ ಮೇಲೆ ಆನೆ, ಹಕ್ಕಿ, ಹೂಗಳ ಕೆತ್ತನೆ. ಮಹಾದಾಸೋಹಿ ಶರಣಬಸವೇಶ್ವರರು 1822ರಲ್ಲಿ ಲಿಂಗೈಕ್ಯರಾದ ಮೇಲೆ ಅವರ ಸಮಾಧಿಯ ಸುತ್ತ ಎದ್ದ ಗುಡಿಯಿದು. ಗುಡಿಗೆ ಕಮಾನು ಬಂದದ್ದೆಲ್ಲಿಂದ?

ಉತ್ತರಕ್ಕೆ ನಾವು ದೂರ ಹೋಗಬೇಕಿಲ್ಲ. ಅದೇ ಊರಿನ ಕೋಟೆಯೊಳಗೆ ಜಾಮಿಯಾ ಮಸೀದಿಯಿದೆ. ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾನ ಕಾಲದಲ್ಲಿ, 1367ರಲ್ಲಿ, ಇರಾನಿನ ಕಜ್ವೀನ್ ಮೂಲದ ರಫಿ ಅದನ್ನು ಕಟ್ಟಿದನೆಂದು ಶಾಸನ ಹೇಳುತ್ತದೆ. ಉದ್ದ ಸುಮಾರು 216 ಅಡಿ, ಅಗಲ 176 ಅಡಿ. ದೊಡ್ಡ ಮಸೀದಿಗಳಿಗೆ ಸಾಮಾನ್ಯವಾಗಿ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಇಡೀ ಜಾಗ ಸಾಲುಸಾಲು ಸಣ್ಣ ಗುಮ್ಮಟಗಳ ನೆರಳಲ್ಲಿದೆ. ಮೂಲೆಗಳಲ್ಲಿ ನಾಲ್ಕು, ಮಿಹ್ರಾಬಿನ ಮುಂದೆ ಎಲ್ಲಕ್ಕಿಂತ ದೊಡ್ಡದೊಂದು.

ಇದನ್ನು ಸ್ಪೇನಿನ ಕೊರ್ದೋಬಾ ಮಸೀದಿಯ ನಕಲೆಂದು ಹೇಳುವ ರೂಢಿಯಿದೆ. ಆದರೆ ಕೊರ್ದೋಬಾದಲ್ಲಿ ಕಿತ್ತಳೆ ಮರಗಳ ವಿಶಾಲ ಅಂಗಳವಿದೆ. ಅಲ್ಲಿಯ ಚಾವಣಿ ಬಹುಪಾಲು ಮರದ್ದು. ನಮ್ಮೂರಿನ ಮಸೀದಿ ಯಾರ ನಕಲೂ ಅಲ್ಲ.

ಇದರ ಜಾಣ್ಮೆ ತಿಳಿಯಲು ಕಲ್ಲಿನ ಗುಣ ಅರಿಯಬೇಕು. ಕಲ್ಲು ಅದುಮಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಎರಡು ಕಂಬಗಳ ಮೇಲೆ ಅಡ್ಡಗಲ್ಲು ಇಟ್ಟರೆ ಅದರ ಕೆಳಮೈ ಹಿಗ್ಗಿ ಸೀಳುತ್ತದೆ. ಅದಕ್ಕೇ ಹಳೆಯ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿವೆ. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತಿ ನಿಲ್ಲುತ್ತದೆ, ಭಾರ ಎರಡೂ ಬದಿಗೆ ಇಳಿಯುತ್ತದೆ. ಆ ಒತ್ತಡ ಹೊರಕ್ಕೂ ತಳ್ಳುತ್ತದೆ. ಮಸೀದಿಯ ಒಳಗೆ ಅಕ್ಕಪಕ್ಕದ ಕಮಾನುಗಳು ಒಂದನ್ನೊಂದು ತಡೆದು ನಿಲ್ಲಿಸುತ್ತವೆ. ಅಂಚಿನಲ್ಲಿ ತಡೆಯಲು ಯಾರೂ ಇಲ್ಲದ್ದರಿಂದ ಅಲ್ಲಿ ಗಿಡ್ಡ, ದಪ್ಪ ಆಧಾರಗಳ ಮೇಲೆ ಅಗಲವಾದ ಕಮಾನುಗಳಿವೆ.

ರಫಿಯ ಕಮಾನೇ ನೇರ ಗುಡಿಗೆ ನಡೆಯಿತೆಂದು ನಾವು ಹೇಳುತ್ತಿಲ್ಲ. ಆದರೆ ನಾಲ್ಕೂವರೆ ಶತಮಾನ ಈ ಸೀಮೆಯ ಮಸೀದಿ, ದರ್ಗಾ, ವಾಡೆ, ಅಗಸಿಗಳಲ್ಲಿ ಕಮಾನು ಎದ್ದಿತ್ತು. ಶರಣರ ಸಮಾಧಿ ಕಟ್ಟುವ ಹೊತ್ತಿಗೆ ಅದು ಪರದೇಶದ ವಿದ್ಯೆಯಾಗಿ ಉಳಿದಿರಲಿಲ್ಲ, ಇಲ್ಲಿನ ಕಲ್ಲುಕುಟಿಗರ ಕೈಗೆ ಒಗ್ಗಿದ ಕಸುಬಾಗಿತ್ತು. ಕಟ್ಟಿದವರಾಗಲಿ ಕಟ್ಟಿಸಿದವರಾಗಲಿ ಕಮಾನಿನ ಜಾತಿ ಕೇಳಲಿಲ್ಲ.

ಇಂದು ಕಟ್ಟಡಗಳನ್ನು ನಿಮ್ಮದು, ನಮ್ಮದು ಎಂದು ಪಾಲು ಹಂಚುವವರಿಗೆ ಕೊರತೆಯಿಲ್ಲ. ಕಲಬುರಗಿಗೆ ಮಕ್ಕಳನ್ನು ಕರೆದೊಯ್ಯುವ ಓದುಗರು ಎರಡನ್ನೂ ಒಂದೇ ದಿನ ತೋರಿಸಲಿ. ಮಿಕ್ಕದ್ದನ್ನು ಮಕ್ಕಳೇ ಕೇಳುತ್ತಾರೆ.